ಯೊಕೊಹಾಮಾ ಬಂದರಿನ ದಡದಲ್ಲಿ ಅಮ್ಮನೊಂದಿಗೆ ಒಂದು ದಿನ: ಎಲ್ಲಿಂದ ಆರಂಭಿಸುವುದು, ಏನು ತಿನ್ನುವುದು?

ನೇಸರನಡಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನವೆಂಬರ್ ಕೊನೆಯ ವಾರದಲ್ಲಿ ಕಚೇರಿಯ ಕೆಲಸದ ಮೇಲೆ ಟೋಕಿಯೊಗೆ ಹೋಗುತ್ತಿದ್ದೇನೆ. ಈ ಬಾರಿ ಅಮ್ಮನನ್ನೂ ಜೊತೆಗೆ ಕರೆದೊಯ್ಯುತ್ತಿದ್ದೇನೆ. ಪೂರ್ತಿ ಬಿಡುವಾಗಿ ನನಗೆ ಸಿಗುವುದು ಒಂದೇ ಒಂದು ದಿನ. ಅಂದು ಅವರನ್ನು ದೇವಾಲಯ, ಕೋಟೆ, ಬುಲೆಟ್ ರೈಲು ಎಂದು ಓಡಾಡಿಸಿ ದಣಿಸುವ ಬದಲು, ಯೊಕೊಹಾಮಾದ ಬಂದರು ಪ್ರದೇಶದಲ್ಲಿ ನೀರಿನ ಪಕ್ಕ ನಿಧಾನವಾಗಿ ನಡೆದು, ಅಲ್ಲಲ್ಲಿ ಕುಳಿತು, ಏನಾದರೂ ಕುರುಕಲು ತಿನ್ನುತ್ತ ಸಂಜೆಯವರೆಗೆ ಕಾಲ ಕಳೆಯಬೇಕೆಂಬುದು ನನ್ನ ಆಸೆ.

ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಪಟ್ಟಿಗಳು ನನ್ನನ್ನು ಗಾಬರಿಗೊಳಿಸಿವೆ. ದೊಡ್ಡ ಚಕ್ರ (ಜೈಂಟ್ ವೀಲ್), ಕೇಬಲ್ ಕಾರು, ಕಪ್ ನೂಡಲ್ಸ್ ವಸ್ತುಸಂಗ್ರಹಾಲಯ, ಕೆಂಪು ಇಟ್ಟಿಗೆಯ ಗೋದಾಮು, ಚೈನಾಟೌನ್, ಹಳೆಯ ಹಡಗು, ಮರೀನ್ ಟವರ್ ಎಂದು ಒಂದೇ ದಿನಕ್ಕೆ ಹತ್ತು ಹನ್ನೆರಡು ಸ್ಥಳಗಳನ್ನು ತುರುಕಿರುತ್ತಾರೆ. ಅಮ್ಮನಿಗೆ ಅರವತ್ತೆಂಟು ವರ್ಷ. ಮೊಣಕಾಲು ನೋವಿದೆ. ಸಮತಟ್ಟಾದ ಜಾಗದಲ್ಲಿ ಇಪ್ಪತ್ತು ನಿಮಿಷ ನಡೆಯುತ್ತಾರೆ, ಆಮೇಲೆ ಕೂರಲೇಬೇಕು. ಮಾಂಸ, ಮೀನು, ಮೊಟ್ಟೆ ಮೂರನ್ನೂ ಮುಟ್ಟುವುದಿಲ್ಲ. ಹಾಲು, ಈರುಳ್ಳಿ, ಬೆಳ್ಳುಳ್ಳಿಗೆ ಅಡ್ಡಿಯಿಲ್ಲ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಟ್ಟಿ, ರಾತ್ರಿ ಎದ್ದು ಹುಳುವಿಗೆ ಸೊಪ್ಪು ಹಾಕಿ ಬೆಳೆದವರಾದ್ದರಿಂದ ಎತ್ತರದ ಕಟ್ಟಡ ತೋರಿಸಿದರೆ ಬೆರಗಾಗುವ ಸ್ವಭಾವ ಅವರದಲ್ಲ. ಹಡಗು, ನೀರು, ಹೋಗಿಬರುವ ಜನ ಇಷ್ಟಿದ್ದರೆ ಗಂಟೆಗಟ್ಟಲೆ ಸುಮ್ಮನೆ ನೋಡುತ್ತ ಕೂರುತ್ತಾರೆ.

ನನಗಿರುವ ಸಂದೇಹಗಳು ಎರಡು. ಯಾವ ತುದಿಯಿಂದ ಆರಂಭಿಸಿ ಯಾವ ತುದಿಗೆ ಬಂದರೆ ನಡಿಗೆ ಕಡಿಮೆಯಾಗಿ ನೋಟ ಹೆಚ್ಚು ಸಿಗುತ್ತದೆ? ಅಮ್ಮ ನೆಮ್ಮದಿಯಿಂದ ತಿನ್ನಬಹುದಾದದ್ದು ಅಲ್ಲಿ ಏನಿದೆ? ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ತಿಳಿಸಿ.

ಬಂದರುವಾಸಿ

ನಾನು ಹನ್ನೊಂದು ವರ್ಷಗಳಿಂದ ಯೊಕೊಹಾಮಾದಲ್ಲೇ ಇದ್ದೇನೆ. ನೆಂಟರಿಷ್ಟರು ಬಂದಾಗಲೆಲ್ಲ ಈ ದಡದಲ್ಲಿ ಅವರನ್ನು ನಡೆಸುವ ಕೆಲಸ ನನ್ನದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ರೈಲಿನ ಮಾತು. ಶಿಬುಯಾದಲ್ಲಿ ತೋಕ್ಯು ತೋಯೊಕೊ ಮಾರ್ಗದ ರೈಲು ಹತ್ತಿದರೆ ಅದೇ ರೈಲು ಯೊಕೊಹಾಮಾ ನಿಲ್ದಾಣ ದಾಟಿದ ಮೇಲೆ ಮಿನಾತೊ ಮಿರಾಯ್ ಮಾರ್ಗವಾಗಿ ಮುಂದುವರಿಯುತ್ತದೆ. ಎಲ್ಲಿಯೂ ಇಳಿದು ಹತ್ತಬೇಕಾಗಿಲ್ಲ. ಕೊನೆಯ ನಿಲ್ದಾಣ ಮೊತೊಮಾಚಿ-ಚೂಕಗಾಯ್. ವೇಗದ ರೈಲಾದರೆ ನಲವತ್ತು ನಿಮಿಷದ ಆಸುಪಾಸು, ಟಿಕೆಟ್ ಐನೂರು ಯೆನ್‌ಗೆ ತುಸು ಮೇಲೆ. ನೀವು ಇಳಿಯಬೇಕಾದದ್ದು ಅಲ್ಲಿಯೇ. ನಿಲ್ದಾಣ ನೆಲದಡಿಯಲ್ಲಿ ಬಹಳ ಆಳದಲ್ಲಿದೆ. ಅಮ್ಮನ ಮೊಣಕಾಲಿನ ದೃಷ್ಟಿಯಿಂದ ಎಸ್ಕಲೇಟರಿನ ಕಡೆಗೆ ಓಡದೆ, ಫಲಕ ನೋಡಿಕೊಂಡು ಲಿಫ್ಟ್ ಹುಡುಕುವುದು ಮೇಲು.

ಹತ್ತು ಗಂಟೆಯ ಸುಮಾರಿಗೆ ಯಮಾಶಿತಾ ಉದ್ಯಾನಕ್ಕೆ ಬನ್ನಿ. ನೀರಿನುದ್ದಕ್ಕೂ ಚಾಚಿಕೊಂಡಿರುವ ಈ ಉದ್ಯಾನ ಪೂರ್ತಿ ಸಮತಟ್ಟು. ಸಮುದ್ರಕ್ಕೆ ಮುಖಮಾಡಿದ ಬೆಂಚುಗಳು ಸಾಲಾಗಿ ಇವೆ. 1923ರ ಸೆಪ್ಟೆಂಬರ್ 1ರ ಮಹಾ ಭೂಕಂಪದಲ್ಲಿ ಕುಸಿದ ನಗರದ ಅವಶೇಷಗಳನ್ನು ತಂದು ನೀರಿಗೆ ಸುರಿದು, ಆ ತುಂಬಿದ ನೆಲದ ಮೇಲೆ 1930ರಲ್ಲಿ ತೆರೆದ ಉದ್ಯಾನವಿದು. ಗುಲಾಬಿ ತೋಟದ ನಡುವೆ ನಿಂತಾಗ ಕಾಲಡಿ ಇರುವುದು ಯಾರದೋ ಮನೆಯ ಗೋಡೆ ಎಂಬುದು ಮೊದಲ ನೋಟಕ್ಕೆ ಹೊಳೆಯುವುದೇ ಇಲ್ಲ.

ಅದೇ 1930ರಲ್ಲಿ ಕಟ್ಟಿದ ಹಿಕಾವಾ ಮಾರು ಎಂಬ ಪ್ರಯಾಣಿಕರ ಹಡಗು ಉದ್ಯಾನಕ್ಕೆ ತಾಗಿ ನಿಂತಿದೆ. ಒಂದು ಕಾಲದಲ್ಲಿ ಅಮೆರಿಕದ ಸಿಯಾಟಲ್‌ಗೆ ಹೋಗಿಬರುತ್ತಿದ್ದ ಹಡಗು; ಯುದ್ಧಕಾಲದಲ್ಲಿ ಆಸ್ಪತ್ರೆ ಹಡಗಾಗಿತ್ತು; 1932ರಲ್ಲಿ ಚಾರ್ಲಿ ಚಾಪ್ಲಿನ್ ಇದರಲ್ಲಿ ಪ್ರಯಾಣ ಮಾಡಿದ್ದ. 1961ರಿಂದ ಇಲ್ಲಿಯೇ ಲಂಗರು ಹಾಕಿದೆ. ಒಳಗೆ ಹೋಗಲು ಟಿಕೆಟ್ ಕೊಳ್ಳಬೇಕು. ಊಟದ ಕೋಣೆ, ಮೊದಲ ದರ್ಜೆಯ ಕೋಣೆಗಳು, ಎಂಜಿನ್ ಕೋಣೆ ಎಲ್ಲವೂ ನೋಡುವಂತಿವೆ. ಆದರೆ ಹಡಗಿನ ಏಣಿಗಳು ಕಡಿದಾದವು. ನಿಮ್ಮಮ್ಮ ಹೊರಗೆ ಬೆಂಚಿನಲ್ಲೇ ಕುಳಿತರೂ ನಷ್ಟವೇನಿಲ್ಲ. ಹಡಗಿನಿಂದ ದಡಕ್ಕೆ ಇಳಿಬಿಟ್ಟ ದಪ್ಪ ಲಂಗರು ಸರಪಳಿಯ ಮೇಲೆ ಕಡಲ ಹಕ್ಕಿಗಳು ಕೊಂಡಿಗೊಂದರಂತೆ ಸಾಲಾಗಿ ಕುಳಿತಿರುತ್ತವೆ. ಒಂದು ಹಾರಿಹೋದರೆ ಉಳಿದವು ಸರಿದು ಕೂರುವ ಚಂದವನ್ನು ನೋಡುತ್ತ ನಾನೇ ಅರ್ಧ ಗಂಟೆ ಕಳೆದದ್ದುಂಟು.

ಅಲ್ಲಿಂದ ಚೈನಾಟೌನ್ ಐದಾರು ನಿಮಿಷದ ದಾರಿ. ಮಧ್ಯಾಹ್ನ ಅಲ್ಲಿ ಸುತ್ತಾಡಿ, ಮತ್ತೆ ನೀರಿನ ಕಡೆಗೆ ಬಂದು ಓಸನ್‌ಬಾಶಿ ಹಡಗುಕಟ್ಟೆಗೆ ಹೋಗಿ. ಇದೊಂದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಪ್ರಯಾಣಿಕರ ಹಡಗುಗಳು ನಿಲ್ಲುವ ಕಟ್ಟೆಯ ಈಗಿನ ರೂಪ ಸಿದ್ಧವಾದದ್ದು 2002ರಲ್ಲಿ. ಕಟ್ಟಡದ ಚಾವಣಿ ಪೂರ್ತಿ ಮರದ ಹಲಗೆಯದು. ಅಲೆಯಂತೆ ಏರಿ ಇಳಿಯುತ್ತ ಸಮುದ್ರದೊಳಕ್ಕೆ ನಾನೂರು ಮೀಟರಿಗೂ ಹೆಚ್ಚು ಚಾಚಿದೆ. ಸ್ಥಳೀಯರು ಅದನ್ನು ತಿಮಿಂಗಿಲದ ಬೆನ್ನು ಎಂದು ಕರೆಯುತ್ತಾರೆ. ಮೇಲೇರಲು ಮೆಟ್ಟಿಲಿನ ಬದಲು ಇಳಿಜಾರೇ ಇರುವುದರಿಂದ ಗಾಲಿಕುರ್ಚಿಯವರೂ ತುದಿಯವರೆಗೆ ಹೋಗುತ್ತಾರೆ. ಹಗಲಿರುಳು ತೆರೆದಿರುತ್ತದೆ, ಶುಲ್ಕವಿಲ್ಲ.

ಆಮೇಲೆ ಕೆಂಪು ಇಟ್ಟಿಗೆಯ ಗೋದಾಮುಗಳು. ಎರಡನೆಯ ಗೋದಾಮು 1911ರದು, ಮೊದಲನೆಯದು 1913ರದು. ಸುಂಕದ ಸರಕು ಇಡುತ್ತಿದ್ದ ಕಟ್ಟಡಗಳು 2002ರಿಂದ ಅಂಗಡಿ, ಉಪಾಹಾರ ಗೃಹಗಳಾಗಿವೆ. ನೀವು ಬರುವ ಹೊತ್ತಿಗೆ ಅಂಗಳದಲ್ಲಿ ಕ್ರಿಸ್‌ಮಸ್ ಸಂತೆ ಶುರುವಾಗಿರಬಹುದು. ಶನಿವಾರ, ಭಾನುವಾರವಾದರೆ ಕಾಲಿಡಲೂ ಜಾಗವಿರುವುದಿಲ್ಲ. ಅಲ್ಲಿಂದ ಹಳೆಯ ಸರಕು ರೈಲಿನ ಹಳಿಗಳನ್ನು ಉಳಿಸಿಕೊಂಡಿರುವ ಕಿಶಾಮಿಚಿ ಎಂಬ ಅರ್ಧ ಕಿಲೋಮೀಟರಿನ ಕಾಲುದಾರಿ ಸಕುರಾಗಿಚೊ ನಿಲ್ದಾಣಕ್ಕೆ ತಲುಪಿಸುತ್ತದೆ. ಅಮ್ಮ ಅಷ್ಟು ಹೊತ್ತಿಗೆ ದಣಿದಿದ್ದರೆ ಅದೇ ದೂರವನ್ನು 2021ರಲ್ಲಿ ಬಂದ ಕೇಬಲ್ ಕಾರಿನಲ್ಲಿ ಐದು ನಿಮಿಷದಲ್ಲಿ ದಾಟಬಹುದು. ಒಂದು ಕಡೆಗೆ 1000 ಯೆನ್. ಐದು ನಿಮಿಷಕ್ಕೆ ಸಾವಿರ ಯೆನ್ ದುಬಾರಿಯೇ, ಆದರೆ ಕತ್ತಲಾದ ಮೇಲೆ 112.5 ಮೀಟರ್ ಎತ್ತರದ ಆ ಚಕ್ರದ ದೀಪಗಳು ನೀರಿನಲ್ಲಿ ಬಿದ್ದಿರುವುದನ್ನು ಮೇಲಿನಿಂದ ನೋಡುವಾಗ ಬೇಸರವಾಗುವುದಿಲ್ಲ.

ಒಂದು ಎಚ್ಚರಿಕೆ: ಸೋಮವಾರ ಬರಬೇಡಿ, ಹಿಕಾವಾ ಮಾರು ಅಂದು ಮುಚ್ಚಿರುತ್ತದೆ. ಕಪ್ ನೂಡಲ್ಸ್ ವಸ್ತುಸಂಗ್ರಹಾಲಯ ಮಕ್ಕಳಿರುವವರಿಗೆ ಹಬ್ಬ, ನಿಮಗೆ ಬೇಡ.

ಹಳೆ ಅಲೆಮಾರಿ

ಬಂದರುವಾಸಿಯವರು ಹೇಳಿದ ಸ್ಥಳಗಳ ಬಗ್ಗೆ ನನ್ನ ತಕರಾರಿಲ್ಲ; ದಿಕ್ಕಿನ ಬಗ್ಗೆ ಇದೆ. ಅವರ ದಾರಿ ಕೊನೆಗೊಳ್ಳುವ ಮಿನಾತೊ ಮಿರಾಯ್ ಬಡಾವಣೆಯ ಗಾಜಿನ ಗೋಪುರಗಳು, 1993ರಲ್ಲಿ ಎದ್ದ 296 ಮೀಟರಿನ ಲ್ಯಾಂಡ್‌ಮಾರ್ಕ್ ಟವರ್, ಆ ಚಕ್ರ, ಇವೆಲ್ಲ ದೂರದಿಂದ ನೋಡಲು ಚೆಂದ. ದೀಪ ಹಚ್ಚುವ ಹೊತ್ತಿಗೆ ನೀವು ಅವುಗಳ ಬುಡದಲ್ಲಿ ನಿಂತಿದ್ದರೆ ಕಾಣುವುದು ಪಾದಚಾರಿ ಸೇತುವೆ ಮತ್ತು ಅಂಗಡಿಗಳ ಬಾಗಿಲು ಮಾತ್ರ. ತೇರು ನೋಡಬೇಕಾದವರು ಗಾಲಿಯ ಪಕ್ಕದಲ್ಲಿ ನಿಲ್ಲಬಾರದು.

ನವೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ನಾಲ್ಕೂವರೆಗೇ ಮುಳುಗುತ್ತಾನೆ. ಮೂರೂ ಮುಕ್ಕಾಲಿಗೆ ಓಸನ್‌ಬಾಶಿಯ ಮರದ ಚಾವಣಿಯ ಮೇಲೆ ಪಶ್ಚಿಮಕ್ಕೆ ಮುಖಮಾಡಿ ಕುಳಿತುಬಿಡಿ. ಆಕಾಶ ಕೆಂಪಾಗುವುದು ಆ ಕಡೆಯೇ, ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವುದೂ ಆ ಕಡೆಯೇ. ಮೋಡವಿಲ್ಲದ ದಿನವಾದರೆ ಕಟ್ಟಡಗಳಾಚೆ ಫುಜಿ ಪರ್ವತ ಕಪ್ಪು ನೆರಳಾಗಿ ಕಾಣಿಸುತ್ತದೆ. ಆದ್ದರಿಂದ ಮಿನಾತೊ ಮಿರಾಯ್ ಅನ್ನು ಬೇಕಿದ್ದರೆ ಬೆಳಿಗ್ಗೆ ಮುಗಿಸಿ, ಇಲ್ಲವೇ ಬಿಟ್ಟೇಬಿಡಿ. ಒಂದೇ ತೊಂದರೆ, ದೊಡ್ಡ ವಿಹಾರ ಹಡಗು ಬಂದು ನಿಂತ ದಿನ ಕಟ್ಟೆಯ ಒಂದು ಬದಿಗೆ ಹತ್ತು ಮಹಡಿಯ ಬಿಳಿ ಗೋಡೆ ಎದ್ದಂತಾಗಿರುತ್ತದೆ. ಯಾವ ಹಡಗು ಯಾವತ್ತು ಬರುತ್ತದೆಂಬುದನ್ನು ಮುಂಚಿತವಾಗಿ ಪ್ರಕಟಿಸುತ್ತಾರೆ, ನೋಡಿಕೊಳ್ಳಿ. ಆದರೆ ಹಡಗು ನೋಡುವುದೇ ಇಷ್ಟವೆನ್ನುವ ನಿಮ್ಮಮ್ಮನಿಗೆ ಅದು ತೊಂದರೆಯೇ ಅಲ್ಲದಿರಬಹುದು.

ಇನ್ನು ನಾನು ಬರೆಯಲು ಕುಳಿತ ಮುಖ್ಯ ಕಾರಣಕ್ಕೆ ಬರುತ್ತೇನೆ. ನಿಮ್ಮಮ್ಮ ರೇಷ್ಮೆ ಹುಳು ಸಾಕಿ ಬೆಳೆದವರು ಎಂಬ ಮಾತನ್ನು ನೀವು ಹಾಗೇ ಹೇಳಿ ಮುಂದೆ ಹೋಗಿದ್ದೀರಿ; ಯೊಕೊಹಾಮಾದ ಮಟ್ಟಿಗೆ ಅದು ಸಣ್ಣ ಮಾತಲ್ಲ. 1859ರಲ್ಲಿ ಈ ಬಂದರು ಹೊರದೇಶಗಳಿಗೆ ತೆರೆದಾಗಿನಿಂದ ಹಲವು ದಶಕಗಳ ಕಾಲ ಇಲ್ಲಿಂದ ಹಡಗೇರಿದ ಮುಖ್ಯ ಸರಕು ಕಚ್ಚಾ ರೇಷ್ಮೆ. ಒಳನಾಡಿನ ಹಳ್ಳಿಗಳಲ್ಲಿ ಬಿಚ್ಚಿದ ನೂಲು ಹಚಿಯೋಜಿ ಎಂಬ ಊರಿನ ದಾರಿಯಲ್ಲಿ ಇಲ್ಲಿಗೆ ಬರುತ್ತಿತ್ತು. ನೀವು ನೋಡಲಿರುವ ಈ ನಗರವನ್ನು ಬೆಳೆಸಿದ್ದು ಆ ಹಣ. ಓಸನ್‌ಬಾಶಿಯ ಬುಡದಲ್ಲಿಯೇ, ರಸ್ತೆಯ ಆ ಬದಿಗೆ ರೇಷ್ಮೆ ವಸ್ತುಸಂಗ್ರಹಾಲಯವಿದೆ. ಬಂದರಿಗೆ ನೂರು ವರ್ಷ ತುಂಬಿದ ನೆನಪಿಗೆ 1959ರಲ್ಲಿ ತೆರೆದದ್ದು. ಪ್ರವೇಶ 500 ಯೆನ್, ಇದಕ್ಕೂ ಸೋಮವಾರ ರಜೆ. ಜೀವಂತ ಹುಳು, ಬಗೆಬಗೆಯ ಗೂಡುಗಳು, ಗೂಡಿನಿಂದ ನೂಲು ಬಿಚ್ಚುವ ಹಳೆಯ ರಾಟೆಗಳು, ಮೇಲಿನ ಅಂತಸ್ತಿನಲ್ಲಿ ಕಿಮೋನೊಗಳು ಇವೆ. ಪ್ರವಾಸಿ ಪಟ್ಟಿಗಳಲ್ಲಿ ಇದರ ಹೆಸರು ಕಾಣುವುದು ಅಪರೂಪ. ನಾನು ಹೋದ ದಿನ ನನ್ನನ್ನು ಬಿಟ್ಟರೆ ಒಂದು ಶಾಲೆಯ ಮಕ್ಕಳಷ್ಟೇ ಇದ್ದರು.

ಅದಾದ ಮೇಲೆ ಯಮಾಶಿತಾ ಉದ್ಯಾನದ ಪಶ್ಚಿಮ ತುದಿಗೆ ಹೋಗಿ. ಅಲ್ಲೊಂದು ಗುಮ್ಮಟವಿರುವ ಚಿಕ್ಕ ಮಂಟಪವಿದೆ. ಅದರ ಹೆಸರು ಭಾರತದ ನೀರಿನ ಗೋಪುರ. ಭೂಕಂಪದ ಕಾಲಕ್ಕೆ ಯೊಕೊಹಾಮಾದಲ್ಲಿ ರೇಷ್ಮೆ ಮತ್ತು ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಭಾರತೀಯರಲ್ಲಿ ಹಲವರು ಸತ್ತರು, ಉಳಿದವರು ಕೋಬೆ ಎಂಬ ಇನ್ನೊಂದು ಬಂದರು ನಗರಕ್ಕೆ ಹೋದರು. ಅವರನ್ನು ಮರಳಿ ಕರೆತರಲು ಇಲ್ಲಿನವರು ಮನೆಗಳನ್ನು ಒದಗಿಸಿಕೊಟ್ಟರು. ಆ ಉಪಕಾರದ ನೆನಪಿಗೂ ಸತ್ತ ತಮ್ಮವರ ನೆನಪಿಗೂ ಭಾರತೀಯ ವ್ಯಾಪಾರಿಗಳ ಸಂಘ 1939ರಲ್ಲಿ ಕಟ್ಟಿಸಿದ ಕುಡಿಯುವ ನೀರಿನ ಅರವಟ್ಟಿಗೆ ಅದು. ಕತ್ತೆತ್ತಿ ಗುಮ್ಮಟದ ಒಳಮೈ ನೋಡಿ. ಬಣ್ಣದ ಚೂರುಗಳ ಕುಸುರಿ ಇದೆ. ಹೆಚ್ಚಿನವರು ಅದರ ಪಕ್ಕದಲ್ಲೇ ನಿಂತು ಹಡಗಿನ ಚಿತ್ರ ತೆಗೆದುಕೊಂಡು ಹೋಗುತ್ತಾರೆ.

ಹುಣಸೆಗೊಜ್ಜು

ತಿನ್ನುವ ವಿಷಯಕ್ಕೆ ಯಾರೂ ಕೈಹಾಕದಿರುವುದರಿಂದ ನಾನು ಬರೆಯುತ್ತೇನೆ. ನಾನೂ ಮೊಟ್ಟೆ ಸಹ ತಿನ್ನದವಳು. ಟೋಕಿಯೊದಲ್ಲಿ ಆರು ವರ್ಷ ಸಂಸಾರ ಮಾಡಿದ್ದೇನೆ.

ನೇಸರನಡಿಗೆಯವರೇ, ಚೈನಾಟೌನಿನ ಬೀದಿಗಳಲ್ಲಿ ಬಿದಿರಿನ ಪೆಟ್ಟಿಗೆಗಳಿಂದ ಆವಿ ಏಳುವುದನ್ನು ಕಂಡು ನಿಮಗೂ ಅಮ್ಮನಿಗೂ ಆಸೆಯಾಗುತ್ತದೆ. ಆದರೆ ಆ ಬಿಳಿ ಉಂಡೆಗಳಲ್ಲಿ ನಿಕುಮಾನ್ ಎನ್ನುವುದು ಹಂದಿ ಮಾಂಸದ ಹೂರಣದ್ದು. ಶ್ಯೂಮಾಯ್ ಎಂಬ ಆವಿಯಲ್ಲಿ ಬೇಯಿಸಿದ ಸಣ್ಣ ಕಡುಬು ಕೂಡ ಅಷ್ಟೇ. ಯೊಕೊಹಾಮಾದ ಹೆಸರಾಂತ ಶ್ಯೂಮಾಯ್‌ನಲ್ಲಿ ಹಂದಿಯ ಜೊತೆಗೆ ಒಣಗಿಸಿದ ಚಿಪ್ಪುಜೀವಿಯೂ ಇರುತ್ತದೆ. ಅವೆಲ್ಲ ಕೇಳಿದರೆ ಗೊತ್ತಾಗುವಂಥವು. ಅಪಾಯವಿರುವುದು ಸಿಹಿಯಲ್ಲಿ. ಹೊರಗೆ ಎಳ್ಳು ಹಚ್ಚಿ ಕರಿದ ಗೋಮಾ ದಾಂಗೊ ನೋಡಲು ನಮ್ಮ ಚಿಗಳಿ ಉಂಡೆಯ ಅಣ್ಣನಂತಿರುತ್ತದೆ, ಒಳಗೆ ಕೆಂಪು ಕಾಳಿನ ಸಿಹಿ ಹೂರಣ. ಚೀನೀ ಪದ್ಧತಿಯಲ್ಲಿ ಆ ಹೂರಣವನ್ನು ಹಂದಿಯ ಕೊಬ್ಬು ಹಾಕಿ ಹುರಿಯುವುದು ಬಹಳ ಸಾಮಾನ್ಯ. ನಾನು ಮೊದಲ ಬಾರಿ ಹೋದಾಗ ಮಾಂಸವಿದೆಯೇ ಎಂದು ಕೇಳಿದೆ, ಇಲ್ಲವೆಂದರು; ನೆಮ್ಮದಿಯಿಂದ ಎರಡು ತಿಂದೆ. ಜೊತೆಗಿದ್ದ ಗೆಳತಿ ಪೊಟ್ಟಣದ ಹಿಂಬದಿಯನ್ನು ಓದಿ ಮುಖ ಸಣ್ಣ ಮಾಡಿಕೊಂಡಳು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಕೊಬ್ಬು ಮಾಂಸವಲ್ಲ, ಮೀನಿನ ಸಾರು ಮೀನಲ್ಲ.

ಆದ್ದರಿಂದ ಕೇಳುವಾಗ ಒಂದೊಂದನ್ನೂ ಬಿಡಿಸಿ ಕೇಳಬೇಕು. ನಿಕು ಎಂದರೆ ಮಾಂಸ, ಸಕಾನಾ ಎಂದರೆ ಮೀನು, ತಮಾಗೊ ಎಂದರೆ ಮೊಟ್ಟೆ, ರಾಡೊ ಎಂದರೆ ಹಂದಿಯ ಕೊಬ್ಬು, ದಾಶಿ ಎಂದರೆ ಹೆಚ್ಚಾಗಿ ಒಣಮೀನಿನಿಂದ ತೆಗೆದ ಸಾರು. ಹೆಸರು ಹೇಳಿ ಅದರ ಮುಂದೆ "ಹಾಯಿತ್ತೆ ಇಮಾಸು ಕಾ" ಎಂದು ಸೇರಿಸಿದರೆ "ಇದರಲ್ಲಿ ಅದಿದೆಯೇ" ಎಂದಾಗುತ್ತದೆ. ಇದಕ್ಕಿಂತ ಒಳ್ಳೆಯದು, ಐದನ್ನೂ ಜಪಾನಿ ಲಿಪಿಯಲ್ಲಿ ಒಂದು ಚೀಟಿಯಲ್ಲಿ ಬರೆಸಿಕೊಂಡು ತೋರಿಸುವುದು. ಚೀಟಿ ಓದಿದ ಅಂಗಡಿಯವರು ಒಳಗೆ ಹೋಗಿ ಕೇಳಿಕೊಂಡು ಬಂದು ಎರಡೂ ಕೈಗಳನ್ನು ಎದೆಯ ಮುಂದೆ ಕತ್ತರಿಯಂತೆ ಅಡ್ಡ ಹಿಡಿದರೆ "ಬೇಡ" ಎಂದರ್ಥ. ಅದಕ್ಕೆ ಬೇಸರಪಡಬೇಡಿ, ನಿಮಗೆ ಉಪಕಾರವನ್ನೇ ಮಾಡುತ್ತಿದ್ದಾರೆ.

ಅಮ್ಮ ಕಣ್ಣು ಮುಚ್ಚಿ ತಿನ್ನಬಹುದಾದದ್ದು ಹುರಿದ ಚೆಸ್ಟ್‌ನಟ್. ಕಪ್ಪು ಹರಳುಗಳ ನಡುವೆ ಹೊರಳಿಸಿ ಹುರಿದು ಬಿಸಿಯಾಗಿಯೇ ಕಾಗದದ ಚೀಲಕ್ಕೆ ಹಾಕಿ ಕೊಡುತ್ತಾರೆ. ಹೆಬ್ಬೆರಳಿನ ಉಗುರನ್ನು ಸಿಪ್ಪೆಯ ಚಪ್ಪಟೆ ಬದಿಗೆ ಒತ್ತಿ ಗೀರಿ, ಎರಡೂ ಕಡೆಯಿಂದ ಹಿಸುಕಿದರೆ ಟಕ್ಕೆಂದು ಬಿರಿದು ಒಳಗಿನ ತಿರುಳು ಇಡಿಯಾಗಿ ಹೊರಬರುತ್ತದೆ. ಗೆಣಸಿನ ರುಚಿ, ಹಲಸಿನ ಬೀಜದ ಹದ. ಒಂದು ಎಚ್ಚರ: ಬೀದಿಯಲ್ಲಿ ಕೆಲವರು ರುಚಿ ನೋಡಿ ಎಂದು ಕೈಗೆ ತುರುಕಿ, ಆಮೇಲೆ ದೊಡ್ಡ ಚೀಲ ಕೊಳ್ಳುವವರೆಗೆ ಬಿಡುವುದಿಲ್ಲ. ಬೇಡವಾದರೆ ಕೈ ಚಾಚಲೇಬೇಡಿ. ಬೆಲೆ ಬರೆದು ತೂಗುಹಾಕಿರುವ ಅಂಗಡಿಯಲ್ಲಿ ಚಿಕ್ಕ ಚೀಲವನ್ನೇ ಕೇಳಿ.

ಚಳಿಗಾಲವಾದ್ದರಿಂದ ಸುಟ್ಟ ಗೆಣಸೂ ಸಿಗುತ್ತದೆ. ಅಕ್ಕಿ ಹಿಟ್ಟಿನ ದೈಫುಕು ಜಪಾನಿ ಪದ್ಧತಿಯದಾದರೆ ಸಾಮಾನ್ಯವಾಗಿ ಸಕ್ಕರೆ ಮತ್ತು ಕಾಳು ಅಷ್ಟೇ. ಬಾದಾಮಿ ಘಮದ ಆನ್‌ನಿನ್ ದೋಫು, ಮಾವಿನ ಪುಡಿಂಗ್‌ಗಳಲ್ಲಿ ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಅಂಟು) ಇರುವುದುಂಟು, ಬಿಡಿ. ಕೇಕ್, ಪ್ಯಾನ್‌ಕೇಕ್, ಕಸ್ಟರ್ಡ್ ಎಲ್ಲದರಲ್ಲೂ ಮೊಟ್ಟೆ. ಹೊಟ್ಟೆ ತುಂಬುವ ಊಟಕ್ಕೆ ಬಶಾಮಿಚಿ, ಕನ್ನಾಯ್ ಕಡೆ ಭಾರತೀಯ ಉಪಾಹಾರ ಗೃಹಗಳಿವೆ. ಆದರೆ ನಾನಾದರೆ ಬೆಳಿಗ್ಗೆಯೇ ಮೊಸರನ್ನ ಕಲಸಿಕೊಂಡು ಉದ್ಯಾನದ ಬೆಂಚಿನಲ್ಲಿ ಕುಳಿತು ತಿನ್ನುತ್ತೇನೆ. ಬೆಂಚಿನಲ್ಲಿ ಡಬ್ಬಿ ಬಿಚ್ಚಿ ತಿನ್ನುವವರು ಅಲ್ಲಿ ಬೇಕಾದಷ್ಟು ಜನ.

ಬೀದಿಯಲ್ಲಿ ಕಸದ ಡಬ್ಬಿ ಸಿಗುವುದಿಲ್ಲವೆಂದು ತಿಳಿದುಕೊಂಡೇ ಹೊರಡಿ. ಕೊಂಡ ಅಂಗಡಿಯ ಮುಂದೆಯೇ ನಿಂತು ತಿಂದರೆ ಕಡ್ಡಿ, ಕಾಗದವನ್ನು ಅವರೇ ತೆಗೆದುಕೊಳ್ಳುತ್ತಾರೆ. ಹತ್ತು ಹೆಜ್ಜೆ ದಾಟಿದರೆ ಅದು ನಿಮ್ಮ ಆಸ್ತಿ.

ನೇಸರನಡಿಗೆ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಋಣಿ. ಬಂದರುವಾಸಿಯವರೇ, ಹಳೆ ಅಲೆಮಾರಿಯವರ ವಾದಕ್ಕೆ ನಿಮ್ಮ ಉತ್ತರವೇನು? ಸಂಜೆ ಓಸನ್‌ಬಾಶಿಯಲ್ಲೇ ಮುಗಿಸಿದರೆ ಕೆಂಪು ಗೋದಾಮು ತಪ್ಪಿಹೋಗುವುದಿಲ್ಲವೇ?

ಬಂದರುವಾಸಿ

ಒಪ್ಪುತ್ತೇನೆ. ಹತ್ತಿರವೇ ಇರುವವರಿಗೆ ದೂರದ ನೋಟ ಮರೆತುಹೋಗುತ್ತದೆ. ರೇಷ್ಮೆ ವಸ್ತುಸಂಗ್ರಹಾಲಯದ ಮುಂದೆ ನೂರು ಸಲ ಹಾದುಹೋಗಿದ್ದರೂ ಒಳಗೆ ಕಾಲಿಟ್ಟಿಲ್ಲವೆಂಬುದನ್ನೂ ನಾಚಿಕೆಯಿಂದಲೇ ಹೇಳುತ್ತೇನೆ.

ಗೋದಾಮು ತಪ್ಪಲೇಬೇಕೆಂದಿಲ್ಲ. ಯಮಾಶಿತಾ ಉದ್ಯಾನದಿಂದ ಗೋದಾಮಿನವರೆಗೆ ಹಳೆಯ ಸರಕು ರೈಲಿನ ಎತ್ತರದ ಹಾದಿಯನ್ನು ಕಾಲುದಾರಿ ಮಾಡಿದ್ದಾರೆ. ನಡುವೆ ಜೋ-ನೊ-ಹಾನಾ ಉದ್ಯಾನ ಸಿಗುತ್ತದೆ. ಆ ಹೆಸರಿಗೆ ಆನೆಯ ಸೊಂಡಿಲು ಎಂದರ್ಥ. ಅಲೆತಡೆಯ ಗೋಡೆ ಸೊಂಡಿಲಿನಂತೆ ಬಾಗಿರುವುದರಿಂದ ಬಂದ ಹೆಸರು. ಅಲ್ಲಿನ ಕೆಫೆಯಲ್ಲಿ ಐಸ್‌ಕ್ರೀಮಿಗೆ ಬಿಸ್ಕತ್ತಿನ ಕಿವಿ ಸಿಕ್ಕಿಸಿ ಆನೆ ಮಾಡಿ ಕೊಡುತ್ತಾರೆ, ನಿಮಗಾದರೂ ಆಗುತ್ತದೆ. ಅಲ್ಲಿಂದಲೇ ಗೋದಾಮುಗಳು ಪೂರ್ತಿ ಕಾಣುತ್ತವೆ, ನೋಡಿ ಹಿಂದಿರುಗಿ. ವೇಳೆಯಿದ್ದರೆ ನಿಹೊನ್-ಓದೋರಿ ರಸ್ತೆಯಲ್ಲೊಮ್ಮೆ ನಿಲ್ಲಿ, ನೀವು ಬರುವ ವಾರಕ್ಕೆ ಗಿಂಕೊ ಮರಗಳು ಅರಿಶಿನ ಬಣ್ಣಕ್ಕೆ ತಿರುಗಿರುತ್ತವೆ.

ಅಂದಹಾಗೆ ಇಲ್ಲಿ ಒಂದು ಪ್ರತೀತಿಯಿದೆ. 1917ರ ಬಂದರು ಸ್ಮಾರಕ ಭವನ, 1928ರ ಪ್ರಾಂತ್ಯ ಕಚೇರಿ, 1934ರ ಸುಂಕದ ಕಟ್ಟಡ, ಈ ಮೂರರ ಗೋಪುರಗಳಿಗೆ ಜ್ಯಾಕ್, ಕಿಂಗ್, ಕ್ವೀನ್ ಎಂಬ ಅಡ್ಡಹೆಸರು. ಮೂರೂ ಒಟ್ಟಿಗೆ ಕಾಣುವ ಜಾಗಗಳು ಕೆಲವೇ. ಅಲ್ಲಿ ನಿಂತು ಬೇಡಿಕೊಂಡರೆ ಈಡೇರುತ್ತದಂತೆ. ಓಸನ್‌ಬಾಶಿಯ ಮೇಲೆ ಅಂಥ ಒಂದು ಗುರುತಿದೆ, ಹುಡುಕಿಕೊಳ್ಳಿ.

ನೇಸರನಡಿಗೆ

ಹೋಗಿಬಂದೆವು. ಸಲಹೆ ಕೊಟ್ಟವರಿಗೆ ಹೇಳದೆ ಇರುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ.

ಬುಧವಾರ ಹೋದೆವು. ಮೊತೊಮಾಚಿ-ಚೂಕಗಾಯ್‌ನಲ್ಲಿ ಇಳಿದು ಲಿಫ್ಟ್ ಹುಡುಕಲು ಹತ್ತು ನಿಮಿಷ ಹಿಡಿಯಿತು. ಉದ್ಯಾನದಲ್ಲಿ ಹಿಕಾವಾ ಮಾರುವಿನ ಎದುರಿನ ಬೆಂಚಿನಲ್ಲಿ ಅಮ್ಮ ಕುಳಿತವರು ಹನ್ನೊಂದೂವರೆಯವರೆಗೆ ಏಳಲಿಲ್ಲ. ಸರಪಳಿಯ ಮೇಲಿನ ಹಕ್ಕಿಗಳಲ್ಲಿ ಒಂದು ಕುಂಟ ಹಕ್ಕಿಗೆ ಉಳಿದವು ಜಾಗ ಬಿಡುತ್ತಿಲ್ಲವೆಂದು ಅವರಿಗೆ ಸಿಟ್ಟು. ನಾನೊಬ್ಬನೇ ಹಡಗಿನೊಳಗೆ ಹೋಗಿಬಂದೆ.

ಚೈನಾಟೌನಿನಲ್ಲಿ ಚೀಟಿ ತೋರಿಸಿದ ನಾಲ್ಕು ಕಡೆಯೂ ಕೈಗಳು ಕತ್ತರಿಯಾದವು. ಐದನೆಯ ಕಡೆ ಚೆಸ್ಟ್‌ನಟ್ ಕೊಂಡೆವು. ಮೊದಲ ಮೂರನ್ನು ನಾನು ಒಡೆದು ಚೂರು ಮಾಡಿದೆ. ಆಮೇಲೆ ಅಮ್ಮ ಚೀಲವನ್ನೇ ಕಿತ್ತುಕೊಂಡು ತಾವೇ ಬಿಡಿಸಿ ಕೊಡತೊಡಗಿದರು. ಹುಣಸೆಗೊಜ್ಜು ಅವರೇ, ಮೊಸರನ್ನದ ಸಲಹೆ ನಮ್ಮನ್ನು ಕಾಪಾಡಿತು.

ರೇಷ್ಮೆ ವಸ್ತುಸಂಗ್ರಹಾಲಯಕ್ಕೆ ಅರ್ಧ ಗಂಟೆ ಸಾಕೆಂದುಕೊಂಡಿದ್ದೆ. ಎರಡು ಗಂಟೆ ಇದ್ದೆವು. ಹುಳುಗಳ ತಟ್ಟೆಯ ಮುಂದೆ ಬಗ್ಗಿ ನೋಡಿದ ಅಮ್ಮ, "ಇವೆರಡು ಹಣ್ಣಾಗಿವೆ, ಇನ್ನೂ ಚಂದ್ರಿಕೆಗೆ ಹಾಕಿಲ್ಲವಲ್ಲ" ಎಂದು ನನಗೆ ಹೇಳಿದರು. ಚಂದ್ರಿಕೆ ಎಂದರೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಪಾರದರ್ಶಕವಾಗಿ ತಿರುಗಿ ತಲೆಯೆತ್ತಿ ಆಡಿಸುತ್ತಿದ್ದ ಎರಡು ಹುಳುಗಳನ್ನು ನಾನು ಅವರು ತೋರಿಸಿದ ಮೇಲಷ್ಟೇ ಗುರುತಿಸಿದೆ. ನೂಲು ಬಿಚ್ಚುವ ರಾಟೆಯ ಬಳಿ ಇದ್ದ ಹೆಂಗಸಿಗೆ ಕನ್ನಡ ಬಾರದು, ಅಮ್ಮನಿಗೆ ಜಪಾನಿ ಬಾರದು. ಬಿಸಿನೀರಿನಲ್ಲಿ ತೇಲುತ್ತಿದ್ದ ಗೂಡುಗಳ ಎಳೆಯನ್ನು ಅಮ್ಮ ಎರಡು ಬೆರಳಲ್ಲಿ ಎತ್ತಿ ಹಿಡಿದ ರೀತಿ ನೋಡಿ ಆಕೆ ಸುಮ್ಮನೆ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಎಳೆ ಕಡಿದಾಗ ಇಬ್ಬರೂ ಒಟ್ಟಿಗೆ "ಅಯ್ಯೋ" ಎಂದರು, ಅವರವರ ಭಾಷೆಯಲ್ಲಿ.

ನೀರಿನ ಗೋಪುರ ನೋಡಿದೆವು. ಅರವಟ್ಟಿಗೆ ಎಂದು ವಿವರಿಸಿದಾಗ ಅಮ್ಮ ನೀರು ಎಲ್ಲಿ ಎಂದು ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ.

ಓಸನ್‌ಬಾಶಿಗೆ ತಲುಪಿದಾಗ ನಾಲ್ಕು ದಾಟಿತ್ತು. ಮರದ ಹಲಗೆ ಬೆಚ್ಚಗಿತ್ತು, ಗಾಳಿ ಮಾತ್ರ ಕೊರೆಯುತ್ತಿತ್ತು; ಇನ್ನು ಮುಂದೆ ಆ ತಿಂಗಳಲ್ಲಿ ಹೋಗುವವರು ಕಿವಿ ಮುಚ್ಚುವ ಟೋಪಿ ಒಯ್ಯಲಿ. ಫುಜಿ ಕಾಣಲಿಲ್ಲ. ಚಕ್ರದ ದೀಪ ಹತ್ತಿ ಬಣ್ಣ ಬದಲಾಯಿಸುವುದನ್ನು ಕತ್ತಲಾಗುವವರೆಗೆ ನೋಡಿ, ಅಲ್ಲಿಂದ ನಿಧಾನವಾಗಿ ನಿಹೊನ್-ಓದೋರಿ ನಿಲ್ದಾಣಕ್ಕೆ ನಡೆದು ರೈಲು ಹತ್ತಿದೆವು. ಮಿನಾತೊ ಮಿರಾಯ್, ಕೇಬಲ್ ಕಾರು, ಆನೆಯ ಐಸ್‌ಕ್ರೀಮ್ ಮೂರೂ ಉಳಿದವು. ಮೂರು ಗೋಪುರಗಳ ಗುರುತನ್ನು ಹುಡುಕಲು ನೆನಪೇ ಆಗಲಿಲ್ಲ. ಕಸದ ಡಬ್ಬಿ ಎಲ್ಲಿಯೂ ಸಿಗದೆ, ಚೆಸ್ಟ್‌ನಟ್ ಸಿಪ್ಪೆಯ ಪೊಟ್ಟಣ ನನ್ನ ಕೋಟಿನ ಜೇಬಿನಲ್ಲಿ ಶಿಬುಯಾದವರೆಗೂ ಬಂತು.